ಸಹಾಯ ಬೇಕು: ಡೊಮೇನ್ ಹೆಸರುಗಳನ್ನು ಇಟ್ಟುಕೊಳ್ಳಲೋ, ಬಿಡಲೋ?

ಎಲ್ಲರಿಗೂ ನಮಸ್ಕಾರ. ಮುಂದೆ ಒಳ್ಳೆ ಬೆಲೆ ಬರಬಹುದು ಅಂತ ನಾಲ್ಕು ವರ್ಷದ ಹಿಂದೆ 12 ಡೊಮೇನ್ ಹೆಸರು (ಅಂದ್ರೆ ವೆಬ್‌ಸೈಟ್ ವಿಳಾಸ) ಕೊಂಡಿಟ್ಟೆ. ಎಲ್ಲವೂ ಎರಡು ಪದದ ಡಾಟ್ ಕಾಮ್ ಹೆಸರುಗಳು. ಮಾರಾಟದ ತಾಣಗಳಲ್ಲಿ ಹಾಕಿದೆ, ಬೆಲೆ ಇಳಿಸಿದೆ. ಒಬ್ಬರೂ ಕೇಳಿಲ್ಲ.

2019ರಲ್ಲಿ ವಾಯ್ಸ್ ಡಾಟ್ ಕಾಮ್ 3 ಕೋಟಿ ಡಾಲರ್‌ಗೆ ಹೋಯಿತು, ನಿಜ. ಆದರೆ ಅದು ಒಂದೇ ಪದದ, ಎಲ್ಲರ ಬಾಯಲ್ಲಿರುವ ಹೆಸರು. ನನ್ನವು ಹಾಗಲ್ಲ ಅಲ್ವಾ? ಜಮೀನಿನ ಹಾಗೆ ಸುಮ್ನೆ ಬಿಟ್ಟರೆ ಉಳಿಯುವುದೂ ಇಲ್ಲ. ನವೀಕರಣದ ಹಣ ಕಟ್ಟುತ್ತಲೇ ಇರಬೇಕು, ತಪ್ಪಿದರೆ ಹೆಸರು ಬೇರೆಯವರ ಪಾಲು. ಇಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಇಷ್ಟು ವರ್ಷ ಕಟ್ಟಿದ ಮೇಲೆ ಬಿಡಲು ಮನಸ್ಸು ಬರುತ್ತಿಲ್ಲ.

ಇಂಥ ಹೆಸರುಗಳನ್ನು ಜಾಸ್ತಿ ವರ್ಷ ಹಿಡಿದಿಟ್ಟು ಮಾರಿದವರು ಇದ್ದೀರಾ? ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಅಂತ ಹೇಗೆ ತೀರ್ಮಾನಿಸಿದಿರಿ?