ಓದಿದ್ದೊಂದು, ಕ್ಲಿನಿಕ್‌ನಲ್ಲಿ ಮಾಡೋದೊಂದು: ಫಿಸಿಯೋಗಳೇ, ಹೇಗೆ ನಿಭಾಯಿಸ್ತೀರಿ?

ಪ್ರಶ್ನೆ (ತುಮಕೂರು): ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿ ಈಗಷ್ಟೇ ಕ್ಲಿನಿಕ್ ಸೇರಿದ್ದೀನಿ. ಮಂಡಿನೋವು, ಸೊಂಟನೋವು ಅಂತ ಯಾರೇ ಬರಲಿ, ಐಎಫ್‌ಟಿ (ಪ್ಯಾಡ್ ಹಚ್ಚಿ ನೋವಿಗೆ ಕೊಡೋ ಸಣ್ಣ ಕರೆಂಟ್) ಮತ್ತು ಅಲ್ಟ್ರಾಸೌಂಡ್ (ಸ್ಕ್ಯಾನ್ ಅಲ್ಲ, ಶಬ್ದತರಂಗದ ಚಿಕಿತ್ಸೆ) ಹಾಕಲೇಬೇಕು ಅಂತಾರೆ ಮಾಲೀಕರು. ಸಂಶೋಧನೆಯ ಪುರಾವೆ ನೋಡಿ ಚಿಕಿತ್ಸೆ ಆರಿಸಿ ಅಂತ ಕಾಲೇಜಲ್ಲಿ ಕಲಿಸಿದ್ರು. ಇಲ್ಲಿ ವ್ಯಾಯಾಮ ಹೇಳಿಕೊಟ್ರೆ ಪೇಷಂಟೇ "ಕರೆಂಟ್ ಕೊಡಲ್ವಾ ಮೇಡಂ?" ಅಂತಾರೆ. ಅನುಭವ ಇರೋರು ಹೇಳಿ.

ಹುಬ್ಬಳ್ಳಿ, ಸ್ವಂತ ಕ್ಲಿನಿಕ್: ನೋಡವಾ ತಂಗಿ, ಮೊದಲ ಮಾಲೀಕರ ಲೆಕ್ಕ ತಿಳ್ಕೋ. ಮಷೀನ್ ಹಚ್ಚಿದ್ರ ಒಬ್ಬ ಫಿಸಿಯೋ ಒಂದೇ ಹೊತ್ತಿಗೆ ಮೂರ್ನಾಕು ಬೆಡ್ ನೋಡಬಹುದು. ವ್ಯಾಯಾಮ ಕಲಸಾಕ ನಿಂತ್ರ ಒಬ್ಬರಿಗೇ ಅರ್ಧ ತಾಸು ಹೋಗ್ತದ. ಬಾಡಿಗಿ, ಮಷೀನಿನ ಕಂತು ಕಟ್ಟೋ ಮನಷ್ಯಾಗ ಪುರಾವೆ ಓದಿ ಹೇಳಿದ್ರ ಏನೂ ಆಗಂಗಿಲ್ಲ. ನಾನೂ ಐಎಫ್‌ಟಿ ಪೂರ್ತಿ ಬಿಟ್ಟಿಲ್ಲ, ಸರದಿ ಬದಲಿ ಮಾಡೀನಿ. ಬಂದ ಕೂಡಲೇ "ಮನ್ಯಾಗ ಮಾಡಿದ್ದು ತೋರಸ್ರಿ, ಆಮ್ಯಾಲೆ ಕರೆಂಟ್" ಅಂತೀನಿ. ಕರೆಂಟಿನ ಆಸೇಕ್ಕರೆ ಕುರ್ಚಿಯಿಂದ ಎದ್ದು ಕೂಡೋದು, ಕಾಲು ಎತ್ತೋದು ಮಾಡ್ತಾರ. ಪ್ಯಾಡ್ ಹಚ್ಚಿದಾಗ ನಾ ಅವರನ್ನ ಬಿಟ್ಟು ಹೋಗಂಗಿಲ್ಲ. ಹೊಲದ ಕೆಲಸ ಏನು, ಶೌಚಕ್ಕ ಕುಕ್ಕರಗಾಲಿಲೆ ಕೂಡ್ತಾರೋ ಇಲ್ಲೋ, ಎಲ್ಲಾ ಕೇಳ್ತೀನಿ. ಅಲ್ಟ್ರಾಸೌಂಡ್ ಮಾತ್ರ ಮಂಡಿಗೆ ಬಿಟ್ಟಬಿಟ್ಟೀನಿ. ಯಾರೂ ಕೇಳ್ಲೇ ಇಲ್ಲ!

ಇಂಗ್ಲೆಂಡ್, ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ), ಊರು ಹಾಸನ: ಇಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ಕೊಡೋ ಸಂಸ್ಥೆ ನೈಸ್, 2016ರಲ್ಲೇ ಸೊಂಟನೋವಿಗೆ ಅಲ್ಟ್ರಾಸೌಂಡ್, ಟೆನ್ಸ್ (ಇದೂ ಕರೆಂಟ್ ಚಿಕಿತ್ಸೆಯೇ), ಐಎಫ್‌ಟಿ, ಟ್ರಾಕ್ಷನ್ (ಬೆನ್ನು ಎಳೆಯೋ ಚಿಕಿತ್ಸೆ) ಬೇಡ ಅಂದಿದೆ. ಸವೆತದ ಸಂಧಿವಾತ (ಆಸ್ಟಿಯೋಆರ್ಥ್ರೈಟಿಸ್) ಇರೋ ಮಂಡಿಗೆ 2022ರಲ್ಲಿ ಅದೇ ಮಾತು: ವ್ಯಾಯಾಮ ಎಲ್ಲರಿಗೂ, ಎಲೆಕ್ಟ್ರೋಥೆರಪಿ (ಇಂಥ ಮಷೀನ್ ಚಿಕಿತ್ಸೆ) ಯಾರಿಗೂ ಬೇಡ. ಹಾಗಂತ ಇಲ್ಲಿ ಎಲ್ಲ ಸುಸೂತ್ರ ಅಂದ್ಕೋಬೇಡಿ. ಸರದಿಯಲ್ಲಿ ಕಾದು ಬಂದವರಿಗೆ ವ್ಯಾಯಾಮದ ಒಂದು ಹಾಳೆ ಕೊಟ್ಟು ಕಳಿಸೋದೂ ಉಂಟು. ಅದನ್ನೂ ಪುರಾವೆ ಆಧಾರಿತ ಅಂತಲೇ ಕರೀತಾರೆ! ಅಮೆರಿಕದ ಫಿಸಿಯೋಗಳ ಬಗ್ಗೆ 2003ರಲ್ಲಿ ಬಂದ ಸಮೀಕ್ಷೆಯಲ್ಲೂ ಹೆಚ್ಚಿನವರು ಪುರಾವೆ ಬೇಕು ಅಂದವರೇ. ಮುಖ್ಯ ಅಡ್ಡಿ ಸಮಯ. ಓದೋಕೆ ಪೆಡ್ರೋ ನೋಡಿ, ಫಿಸಿಯೋಥೆರಪಿ ಸಂಶೋಧನೆಗಳ ಆನ್‌ಲೈನ್ ಸಂಗ್ರಹ ಅದು. 1999ರಿಂದ ಇದೆ, ಉಚಿತ, ಪ್ರಯೋಗಗಳ ಗುಣಮಟ್ಟಕ್ಕೆ ಹತ್ತರಲ್ಲಿ ಅಂಕ ಕೊಟ್ಟಿರ್ತಾರೆ.

ಶಿವಮೊಗ್ಗ: ಪುರಾವೆ ಅಂದ್ರೆ ಬರೀ ಪೇಪರ್ ಅಲ್ಲ. 1996ರಲ್ಲಿ ವೈದ್ಯ ಡೇವಿಡ್ ಸ್ಯಾಕೆಟ್ ಮತ್ತು ಜೊತೆಗಾರರು ಪುರಾವೆ ಆಧಾರಿತ ಚಿಕಿತ್ಸೆಗೆ ಕೊಟ್ಟ ವ್ಯಾಖ್ಯೆಯಲ್ಲೇ ಚಿಕಿತ್ಸಕರ ಪರಿಣತಿಗೂ ಜಾಗ ಇದೆ. ನೆಲದ ಮೇಲೆ ಕೂತು ಅಡಿಕೆ ಸುಲಿಯೋ ಹೆಂಗಸಿನ ಮಂಡಿಗೆ ಹೊರದೇಶದ ಪ್ರಯೋಗ ಎಷ್ಟು ಹೊಂದುತ್ತೆ ಅಂತ ನಾವೇ ಯೋಚಿಸಬೇಕು.

ಮಂಗಳೂರು, ಸ್ಟ್ರೋಕ್ (ಪಾರ್ಶ್ವವಾಯು) ರಿಹ್ಯಾಬ್: ಶಿವಮೊಗ್ಗದವರು ಹೇಳಿದ್ದು ಸರಿ, ಆದ್ರೆ "ನನ್ನ ಅನುಭವ" ಅಂತ ಹೇಳಿ ತಪ್ಪಿಸಿಕೊಳ್ಳುವವರೂ ಬೇಕಾದಷ್ಟು ಉಂಟು ಮಾರಾಯ್ರೆ. ಸ್ಟ್ರೋಕ್ ಆದವರನ್ನು ಎಷ್ಟು ಬೇಗ, ಎಷ್ಟು ಹೆಚ್ಚು ಎಬ್ಬಿಸಿ ನಡೆಸಿದರೆ ಅಷ್ಟು ಒಳ್ಳೆಯದು ಅಂತ ನಮ್ಮಲ್ಲಿ ಹಲವರ ನಂಬಿಕೆ. ಆದ್ರೆ 2015ರಲ್ಲಿ ಪ್ರಕಟವಾದ ಅವರ್ಟ್ ಎಂಬ ಸ್ಟ್ರೋಕ್ ಪ್ರಯೋಗದಲ್ಲಿ 24 ಗಂಟೆಯೊಳಗೇ ಪದೇಪದೇ ಎಬ್ಬಿಸಿದವರ ಗುಂಪು ಮೂರು ತಿಂಗಳ ಹೊತ್ತಿಗೆ ಮಾಮೂಲಿ ಆರೈಕೆಯವರಿಗಿಂತ ಹಿಂದೆ ಬಿತ್ತು. ಇಂಥದ್ದು ಒಬ್ಬರ ಅನುಭವಕ್ಕೆ ಕಾಣುವುದೇ ಇಲ್ಲ. ನಮ್ಮ ದೇಶದ್ದೇ ಬೇಕಾ? ಅಟೆಂಡ್ ಎಂಬ ಸ್ಟ್ರೋಕ್ ಪ್ರಯೋಗ ಉಂಟು: 14 ಆಸ್ಪತ್ರೆ, 1,250 ಪೇಷಂಟ್‌ಗಳು, 2017ರಲ್ಲಿ ಪ್ರಕಟ. ಮನೆಯವರಿಗೆ ತರಬೇತಿ ಕೊಟ್ಟು ಅವರಿಂದಲೇ ವ್ಯಾಯಾಮ ಮಾಡಿಸಿದರೂ ಆರು ತಿಂಗಳಲ್ಲಿ ಹೆಚ್ಚಿನ ಲಾಭ ಸಿಗಲಿಲ್ಲ. ಮನೆಯವರಿಗೆ ಕಲಿಸುವುದನ್ನು ನಾನು ಬಿಟ್ಟಿಲ್ಲ. ಎತ್ತುವಾಗ ಭುಜ ಎಳೆಯಬಾರದು ಅಂತ ಗೊತ್ತಿರಬೇಕಲ್ಲ. ಆದ್ರೆ "ನೀವೇ ಮಾಡಿಸಿ, ಸಾಕು" ಅಂತ ಈಗ ಹೇಳುವುದಿಲ್ಲ.

ಮೈಸೂರು: ತುಮಕೂರಿನ ಮೇಡಂ, ಹುಬ್ಬಳ್ಳಿಯವರ ಉಪಾಯ ಮಾಡಿ ನೋಡಿ, ಹೊಸಬರಿಗೆ ಮಾಲೀಕರ ಜೊತೆ ಜಗಳ ಬೇಡ. ಆದ್ರೆ ಪೇಸ್‌ಮೇಕರ್ ಇದ್ದವರಿಗೆ ಐಎಫ್‌ಟಿ, ಗರ್ಭಿಣಿಯ ಸೊಂಟಕ್ಕೆ ಅಲ್ಟ್ರಾಸೌಂಡ್, ಇವಕ್ಕೆ ಯಾರು ಹೇಳಿದ್ರೂ ಕೈ ಹಾಕಬೇಡಿ. ಹಾಕದೇ ಇದ್ದ ಕಾರಣವನ್ನ ಕೇಸ್ ಶೀಟಲ್ಲಿ ತಾರೀಖು ಸಮೇತ ಬರೆದು ಸಹಿ ಮಾಡಿ.