ಅಪ್‌ಡೇಟ್: ಇಂಟರ್‌ಕೂಲರ್ ಪೈಪ್‌ನಲ್ಲಿ ಆಯಿಲ್, ಟರ್ಬೊ ಬದಲಿಸಬೇಕಿಲ್ಲ

ಡೀಸೆಲ್ ಕಾರಿನ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನ ತಣ್ಣಗೆ ಮಾಡುವ ಭಾಗ) ಪೈಪ್‌ನಲ್ಲಿ ಆಯಿಲ್ ನಿಂತಿದೆ, ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಹೋಯ್ತಾ ಅಂತ ಕೇಳಿದ್ದೆ. ದಾವಣಗೆರೆಯಲ್ಲೇ ಬಿಚ್ಚಿಸಿ ನೋಡಿದ್ದಾಯ್ತು, ಟರ್ಬೊ ಚೆನ್ನಾಗಿದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಇಂಜಿನ್ ತಣ್ಣಗಾದ ಮೇಲೆ ಏರ್ ಫಿಲ್ಟರ್ ಕಡೆಯ ಪೈಪ್ ತೆಗೆದು, ಟರ್ಬೊದಲ್ಲಿ ಗಾಳಿ ಒತ್ತುವ ಕಂಪ್ರೆಸರ್ ಚಕ್ರದ ನಟ್ಟು ಹಿಡಿದು ಅಲ್ಲಾಡಿಸಿದರೆ ಅಕ್ಕಪಕ್ಕ ಕೂದಲೆಳೆಯಷ್ಟು ಪ್ಲೇ (ಸಡಿಲ) ಇದೆ. ಅದು ಇರಲೇಬೇಕು, ಶಾಫ್ಟ್ ತಿರುಗೋದೇ ಆಯಿಲ್ ಪದರದ ಮೇಲೆ. ಹಿಂದೆ ಮುಂದೆ ಕೈಗೆ ಗೊತ್ತಾಗುವಷ್ಟು ಅಲ್ಲಾಡಿದರೆ ಶಾಫ್ಟ್ ಹಾಗೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗ್ ಸವೆದಿದೆ ಅಂತ ಅರ್ಥ, ಇಲ್ಲಿ ಅದಿಲ್ಲ. ರೆಕ್ಕೆಗಳು ಹೌಸಿಂಗ್‌ಗೆ ಉಜ್ಜಿದ ಗುರುತೂ ಇಲ್ಲ.

ಆಯಿಲ್ ಬರ್ತಿದ್ದದ್ದು ಬ್ರೀದರ್ ಪೈಪಿಂದ, ಅಂದ್ರೆ ಇಂಜಿನ್ ಒಳಗಿನ ಆವಿಯನ್ನ ಏರ್ ಫಿಲ್ಟರ್ ಕಡೆಯ ಪೈಪಿಗೆ ತರುವ ಪೈಪಿಂದ. ಅದು ಸೇರುವ ಜಾಗದಿಂದ ಟರ್ಬೊ ಕಡೆಗೆ ಕಪ್ಪು ಜಿಡ್ಡು, ಫಿಲ್ಟರ್ ಕಡೆಗೆ ಪೂರ್ತಿ ಒಣ. ಪಿಸಿವಿ (ಆ ಆವಿಯನ್ನ ಹದವಾಗಿ ಬಿಡುವ ವಾಲ್ವ್) ಒಳಗಿನ ತೆಳು ಪೊರೆ, ಡಯಾಫ್ರಮ್, ಹರಿದಿತ್ತು. ಜೊತೆಗೆ ಏರ್ ಫಿಲ್ಟರ್ ಧೂಳಿಂದ ಕಟ್ಟಿಕೊಂಡರೆ ಎಳೆತ ಹೆಚ್ಚಾಗಿ ಆಯಿಲ್ ಇನ್ನೂ ಜಾಸ್ತಿ ಬರುತ್ತೆ. ಚಿತ್ರದುರ್ಗದ ಕಡೆ ಮಣ್ಣುರಸ್ತೆಯಲ್ಲಿ ಓಡಾಡುವವರು ಫಿಲ್ಟರನ್ನ ಬೇಗ ಬೇಗ ನೋಡಿಕೊಳ್ಳಿ. ನಾನು ಡಯಾಫ್ರಮ್, ಫಿಲ್ಟರ್ ಎರಡೂ ಹೊಸದು ಹಾಕಿಸಿದೆ.

ಇಂಟರ್‌ಕೂಲರ್ ತೊಳೆಯದೆ ಮಾತ್ರ ಬಿಡಬೇಡಿ. ತಳದಲ್ಲಿ ನಿಂತ ಆಯಿಲ್ ಒಮ್ಮೆಲೇ ಒಳಗೆ ಹೋದರೆ ಡೀಸೆಲ್ ಇಂಜಿನ್ ಅದರ ಮೇಲೇ ಓಡುತ್ತೆ, ಕೀ ತೆಗೆದರೂ ನಿಲ್ಲಲ್ಲ. ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರಾವಣ) ಹಾಕಿ, ಕುಲುಕಿ, ಬಗ್ಗಿಸಿ ಸುರಿದು, ಬಿಸಿನೀರಲ್ಲಿ ತೊಳೆದು, ಒಂದು ಹನಿಯೂ ಉಳಿಯದಂತೆ ಒಣಗಿಸಿ. ಪೆಟ್ರೋಲ್ ಬಳಸಲೇಬೇಡಿ. ಆಯಿಲಿಗೆ ಉಬ್ಬಿ ಮೆತ್ತಗಾದ ರಬ್ಬರ್ ಹೋಸ್ ಬದಲಿಸಿ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮ್ಯಾಕ್ಸ್ ಗೆರೆ ದಾಟದಂತೆ ನೋಡಿ.

ಈಗ ಪೈಪ್ ಒಳಗೆ ತೆಳು ಜಿಡ್ಡಷ್ಟೇ ಇದೆ. ಅಷ್ಟು ಸಹಜ.