ಪೌಲನ ಒಂದು ಮಾತಿಗೆ ಹಿರೀಸಭೆ ಯಾಕ ಒಡೀತು?

ಪ್ರಶ್ನೆ: ನಮಸ್ಕಾರ್ರಿ, ನಾ ಬೀದರದಾಕಿ, ಭಾನುವಾರ ನಮ್ಮ ಚರ್ಚ್‌ನಾಗ ಬೈಬಲ್‌ನ ಅಪೊಸ್ತಲರ ಕೃತ್ಯಗಳು 23ನೇ ಅಧ್ಯಾಯ ಓದಿದ್ರು, ಯೇಸುವಿನ ಅಪೊಸ್ತಲ ಪೌಲ ಒಂದು ಮಾತು ಅಂದದ್ದಕ್ಕ ಇಡೀ ಹಿರೀಸಭೆ (ಯೆಹೂದ್ಯರ ದೊಡ್ಡ ನ್ಯಾಯಸಭೆ) ಎರಡು ಭಾಗ ಆಯ್ತಲ್ರಿ, ಅದು ಹೆಂಗ?

ಉತ್ತರ 1: ಅಕ್ಕಾರೆ, ಆ ಸಭೆದಾಗ ಸದ್ದುಕಾಯರು ಫರಿಸಾಯರು ಅನ್ನೋ ಎರಡು ಯೆಹೂದ್ಯ ಪಂಥದೋರೂ ಇದ್ರು. ಸದ್ದುಕಾಯರು ಸತ್ತೋರು ಎದ್ದು ಬರಂಗಿಲ್ಲ, ದೇವದೂತರಿಲ್ಲ, ಆತ್ಮ ಇಲ್ಲ ಅಂತಿದ್ರು, ಫರಿಸಾಯರು ಎಲ್ಲಾ ನಂಬ್ತಿದ್ರು. ಪೌಲ ನಾನೂ ಫರಿಸಾಯನೇ, ಪುನರುತ್ಥಾನದ (ಸತ್ತೋರು ಎದ್ದು ಬರೋದರ) ನಿರೀಕ್ಷೆ ಸಲುವಾಗೇ ನನ್ನ ವಿಚಾರಣೆ ನಡದದ ಅಂದ ಕೂಡ್ಲೆ ಅವರವರಲ್ಲೇ ಜಗಳ ಹತ್ತಿತು, ಪೌಲನ್ನ ಹರಿದ್ಹಾಕ್ತಾರಂತ ಅಂಜಿ ರೋಮನ್ ಸೈನ್ಯದ ಸಹಸ್ರಾಧಿಪತಿ ಸೈನಿಕರನ್ನ ಕಳಿಸಿ ಕೋಟೆಗೆ ಒಯ್ಸಿದ.

ಉತ್ತರ 2: ಫರಿಸಾಯರೊಳಗೂ ಒಮ್ಮತ ಇರಲಿಲ್ರಿ. ಯೋಹಾನನ ಸುವಾರ್ತೆ 9ನೇ ಅಧ್ಯಾಯದಾಗ ಯೇಸುವಿನಿಂದ ಹುಟ್ಟು ಕುರುಡನಿಗೆ ಕಣ್ಣು ಬಂದಾಗ, ಯೇಸು ಸಬ್ಬತ್ (ಕೆಲಸ ಮಾಡಬಾರದ ವಿಶ್ರಾಂತಿ ದಿನದ ನೇಮ) ಮುರಿದಾನ ಅಂತ ಕೆಲವ್ರು, ಪಾಪಿ ಇಂಥಾ ಕೆಲಸ ಮಾಡ್ತಾನೇನು ಅಂತ ಕೆಲವ್ರು. ಆ ಎರಡನೇ ಪ್ರಶ್ನೆ ಕೇಳ್ದೋರ ಧೈರ್ಯ ನನಗ ಭಾಳ ದೊಡ್ಡದು ಅನಸ್ತದ.

ಪ್ರಶ್ನೆ ಕೇಳಿದಾಕಿ: ಯೋಹಾನ 9 ಇವತ್ತೇ ಕುಂತು ಓದ್ತೀನ್ರಿ ಅಣ್ಣಾರೆ.